ಎಲ್ಲವೂ ಫಿಫ್ಟಿ-ಫಿಫ್ಟಿ ಅಲ್ಲ: ಸಂಭವನೀಯತೆಯ ಪ್ರಶ್ನೋತ್ತರ

ಸಂಭವನೀಯತೆ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಪಠ್ಯಪುಸ್ತಕದ ಲೆಕ್ಕಕ್ಕಿಂತ ಚೌಕಾಬಾರ, ಲೂಡೊ, ಚೀಟಿ ಎತ್ತುವ ಜಗಳಗಳೇ ಜಾಸ್ತಿ. ಒಳ್ಳೆಯದೇ ಆಯಿತು, ಈ ಗಣಿತ ಬೆಳೆದಿದ್ದೂ ಆಟದ ಜಗಳಗಳಿಂದಲೇ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ನಾಳೆ ಮಳೆ ಬರುತ್ತದೆ, ಇಲ್ಲವೇ ಬರುವುದಿಲ್ಲ. ಇರುವುದು ಎರಡೇ. ಅದಕ್ಕೇ ಮಳೆ ಬರುವ ಸಂಭವನೀಯತೆ 1/2 ಅಂತ ಬರೆದೆ. ಟೀಚರ್ ತಪ್ಪು ಹಾಕಿದರು. ಯಾಕೆ?
— 7ನೇ ತರಗತಿ ವಿದ್ಯಾರ್ಥಿ, ಬಸವನಗುಡಿ

ಉತ್ತರ: ನಿನ್ನ ಲೆಕ್ಕ ಹಿಡಿದರೆ ಜನವರಿಯಲ್ಲೂ 1/2, ಸೆಪ್ಟೆಂಬರಿನಲ್ಲೂ 1/2 ಬರಬೇಕು. ಜನವರಿಯಲ್ಲಿ ಬೆಂಗಳೂರಿನಲ್ಲಿ ಯಾರಾದರೂ ದಿನಾ ಕೊಡೆ ಹಿಡಿದು ಹೊರಡುತ್ತಾರೆಯೇ? ಸೆಪ್ಟೆಂಬರಿನಲ್ಲಿ ಕೊಡೆ ಮರೆತವರು ಶಾಲೆ ಬಿಡುವ ಹೊತ್ತಿಗೆ ನೆನೆಯುತ್ತಾರೆ. ಎರಡು ತಿಂಗಳಿಗೂ ಒಂದೇ ಉತ್ತರ ಕೊಡುವ ಲೆಕ್ಕದಲ್ಲಿ ಎಲ್ಲೋ ಎಡವಟ್ಟಾಗಿದೆ.

ಎಡವಟ್ಟು ಇಲ್ಲಿದೆ. ‘ಅನುಕೂಲಕರ ಫಲಿತಾಂಶಗಳ ಸಂಖ್ಯೆ ÷ ಒಟ್ಟು ಫಲಿತಾಂಶಗಳ ಸಂಖ್ಯೆ’ ಎಂಬ ಸೂತ್ರವನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ, ಅದರ ಹಿಂದಿನ ಷರತ್ತನ್ನು ಮರೆಯುತ್ತಾರೆ: ಎಣಿಸಿದ ಫಲಿತಾಂಶಗಳೆಲ್ಲ ಸಮಾನ ಸಾಧ್ಯತೆಯವಾಗಿರಬೇಕು. ದಾಳದ ಆರು ಮುಖಗಳು ಒಂದೇ ಅಳತೆಯವು, ಯಾವುದಕ್ಕೂ ಪಕ್ಷಪಾತವಿಲ್ಲ, ಹಾಗಾಗಿ ಒಂದೊಂದಕ್ಕೂ 1/6. ಮಳೆ ಮತ್ತು ಬಿಸಿಲು ಹಾಗೆ ಸರಿಸಮವಾಗಿ ಬರುತ್ತವೆಂದು ಹೇಳಲು ಯಾವ ಆಧಾರವೂ ಇಲ್ಲ. ಅಂಥ ಕಡೆ ಸೂತ್ರ ಬಿಟ್ಟು ದಾಖಲೆ ನೋಡಬೇಕು. ‘ನಾಳೆ ಮಳೆ ಸಾಧ್ಯತೆ 60%’ ಎಂದರೆ, ಇಂಥದೇ ಮುನ್ಸೂಚನೆ ಕೊಟ್ಟ ನೂರು ದಿನಗಳಲ್ಲಿ ಸುಮಾರು 60 ದಿನ ನಿನ್ನ ಜಾಗದಲ್ಲಿ ಮಳೆ ಬಿದ್ದಿರಬೇಕು ಎಂದರ್ಥ. ಊರಿನ 60 ಭಾಗ ನೆನೆಯುತ್ತದೆ ಎಂದಾಗಲಿ, ದಿನದ 60 ಭಾಗ ಸುರಿಯುತ್ತದೆ ಎಂದಾಗಲಿ ಅಲ್ಲ. ವೈಟ್‌ಫೀಲ್ಡಿನಲ್ಲಿ ಸುರಿದು ಕೆಂಗೇರಿ ಒಣಗಿರುವ ಊರಿನಲ್ಲಿ ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದು.

ಪ್ರಶ್ನೆ: ಎರಡು ನಾಣ್ಯ ಚಿಮ್ಮಿದರೆ ಎರಡು ಹೆಡ್, ಒಂದು ಹೆಡ್ ಅಥವಾ ಸೊನ್ನೆ ಹೆಡ್ ಬರುತ್ತದೆ. ಮೂರರಲ್ಲಿ ಒಂದು, ಅಂದರೆ 1/3. ಪುಸ್ತಕದಲ್ಲಿ ‘ಒಂದು ಹೆಡ್’ಗೆ 1/2 ಅಂತ ಇದೆ. ಎರಡೂ ನಾಣ್ಯ ಒಂದೇ ಥರ ಇರುವಾಗ ಹೆಡ್-ಟೈಲ್, ಟೈಲ್-ಹೆಡ್ ಅಂತ ಬೇರೆ ಬೇರೆ ಯಾಕೆ ಬರೆಯಬೇಕು?
— 8ನೇ ತರಗತಿ ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಒಂದು ರೂಪಾಯಿಯ ನಾಣ್ಯ ಒಂದು, ಐದು ರೂಪಾಯಿಯದು ಒಂದು ತಗೊ. ಈಗ ‘ರೂಪಾಯಿ ಹೆಡ್, ಐದು ಟೈಲ್’ ಒಂದು ಸಂಗತಿ, ‘ರೂಪಾಯಿ ಟೈಲ್, ಐದು ಹೆಡ್’ ಇನ್ನೊಂದು ಸಂಗತಿ ಎಂಬುದು ಕಣ್ಣಿಗೇ ಕಾಣುತ್ತದೆ. ಒಟ್ಟು ನಾಲ್ಕು ಬಗೆ. ಅದರಲ್ಲಿ ‘ಒಂದು ಹೆಡ್’ ಎರಡು ಬಗೆಯಲ್ಲಿ ಆಗುತ್ತದೆ. 2/4, ಅಂದರೆ 1/2. ಆಮೇಲೆ ಎರಡೂ ಒಂದೇ ಥರದ ನಾಣ್ಯ ಹಿಡಿದೆ ಎನ್ನು. ನಿನ್ನ ಕಣ್ಣಿಗೆ ಗುರುತು ಸಿಗುವುದಿಲ್ಲ ಅಂತ ನಾಣ್ಯಗಳು ಬೀಳುವ ರೀತಿ ಬದಲಾಗುತ್ತದೆಯೇ? 40 ಸಲ ಚಿಮ್ಮಿ ನೋಡು: ಎರಡು ಹೆಡ್ ಸುಮಾರು 10, ಒಂದು ಹೆಡ್ ಸುಮಾರು 20, ಸೊನ್ನೆ ಹೆಡ್ ಸುಮಾರು 10 ಬರುತ್ತವೆ. 13-13-13ರ ಹತ್ತಿರ ಬರುವುದು ಅಪರೂಪ.

ತಪ್ಪು ಮಾಡಿದೆನೆಂದು ನಾಚಿಕೊಳ್ಳಬೇಡ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನದಲ್ಲೇ ಇದರ ಅಣ್ಣನಂಥ ತಪ್ಪು ಮಾಡಿದ್ದ. ಎರಡು ಚಿಮ್ಮುವಿಕೆಯಲ್ಲಿ ಒಂದಾದರೂ ಹೆಡ್ ಬರುವ ಸಂಭವನೀಯತೆ 2/3 ಎಂದ. ಮೊದಲೇ ಹೆಡ್ ಬಂದರೆ ಆಟ ಮುಗಿಯಿತು, ಹಾಗಾಗಿ ಹೆಡ್, ಟೈಲ್-ಹೆಡ್, ಟೈಲ್-ಟೈಲ್ ಮೂರೇ ಬಗೆ ಎಂಬುದು ಅವನ ವಾದ. ಆದರೆ ಮೊದಲನೆಯದರ ಸಾಧ್ಯತೆ 1/2, ಉಳಿದೆರಡರದು 1/4, 1/4. ಮೂರೂ ಸಮವಲ್ಲ. ಸರಿಯುತ್ತರ 3/4.

ಎರಡು ದಾಳಕ್ಕೂ ಇದೇ ಕ್ರಮ. ಒಂದು ಕೆಂಪು, ಒಂದು ನೀಲಿ ಎಂದುಕೊಂಡು 6×6 ಚೌಕುಳಿ ಗೀಚಿ 36 ಮನೆ ತುಂಬು. ಮೊತ್ತ 7 ಆರು ಮನೆಗಳಲ್ಲಿ, 12 ಒಂದೇ ಮನೆಯಲ್ಲಿ ಸಿಗುತ್ತದೆ.

ಪ್ರಶ್ನೆ: ರಜೆಯಲ್ಲಿ ಮೊಮ್ಮಗಳ ಜತೆ ಚೌಕಾಬಾರ ಆಡುತ್ತೇನೆ. ನಾಲ್ಕು ಕವಡೆಗೆ 16 ಬಗೆ, ಅದರಲ್ಲಿ ಚೌಕಕ್ಕೆ ಒಂದು, ಬಾರಕ್ಕೆ ಒಂದು, ಹಾಗಾಗಿ ಎರಡೂ 1/16 ಎಂದು ಅವಳು ಬರೆದು ತೋರಿಸಿದಳು. ನಮ್ಮ ಕವಡೆಯಲ್ಲಿ ಎಂಟು ಬೀಳುವಷ್ಟು ಸಲ ನಾಲ್ಕು ಬೀಳುವುದಿಲ್ಲ. ಯಾರದು ಸರಿ?
— ಒಬ್ಬ ಅಜ್ಜಿ, ಮಲ್ಲೇಶ್ವರ

ಉತ್ತರ: ಮೊಮ್ಮಗಳ ಎಣಿಕೆ ಸರಿ, ನಿಮ್ಮ ಕಣ್ಣೂ ಸರಿ. ಎಣಿಕೆಯ ಹಿಂದಿನ ಷರತ್ತು ಮಾತ್ರ ಕವಡೆಗೆ ಒಪ್ಪುವುದಿಲ್ಲ.

ಆಟ ಗೊತ್ತಿಲ್ಲದವರಿಗೆ: ನಾಲ್ಕು ಕವಡೆ ಎಸೆದಾಗ ಎಷ್ಟು ಅಂಗಾತ (ಬಾಯಿ ಮೇಲೆ) ಬೀಳುತ್ತವೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಇವೆರಡು ಬಿದ್ದರೆ ಇನ್ನೊಂದು ಎಸೆತ ಸಿಗುತ್ತದೆ. ಅಂಗಾತವೂ ಬೋರಲೂ ಸಮವಾಗಿ ಬೀಳುವುದಾದರೆ 16 ಬಗೆಯಲ್ಲಿ 1ಕ್ಕೆ ನಾಲ್ಕು, 2ಕ್ಕೆ ಆರು, 3ಕ್ಕೆ ನಾಲ್ಕು, ಚೌಕಕ್ಕೆ ಒಂದು, ಬಾರಕ್ಕೆ ಒಂದು. ಆಗ ಹದಿನಾರು ಎಸೆತಕ್ಕೊಮ್ಮೆ ಚೌಕ, ಹದಿನಾರಕ್ಕೊಮ್ಮೆ ಬಾರ ಬೀಳಬೇಕು.

ಕವಡೆಗೆ ಒಂದು ಕಡೆ ಉಬ್ಬಿದ ಬೆನ್ನು, ಇನ್ನೊಂದು ಕಡೆ ಚಪ್ಪಟೆಯಾದ ಸೀಳುಬಾಯಿ. ನಾಣ್ಯದ ಹಾಗೆ ಎರಡೂ ಮಗ್ಗುಲು ಒಂದೇ ಎನ್ನಲು ಆಗದು. ಒಂದು ಮಗ್ಗುಲು ತೇದು ಬಿಳಿ ಮಾಡಿದ ಹುಣಸೆ ಬೀಜದಲ್ಲೂ ಇದೇ ಪಾಡು. ಆದ್ದರಿಂದ ನಿಮ್ಮ ಮನೆಯ ಕವಡೆಯನ್ನೇ ಕೇಳಬೇಕು. ಹೀಗೆ ಮಾಡಿ:

ನಾಲ್ಕು ಕವಡೆಗೂ ಬೇರೆ ಬೇರೆ ಬಣ್ಣದ ಉಗುರುಬಣ್ಣದಿಂದ ಸಣ್ಣ ಚುಕ್ಕೆ ಇಡಿ. ದಪ್ಪಗೆ ಬಳಿದರೆ ತೂಕವೇ ಬದಲಾದೀತು. ಗಟ್ಟಿ ನೆಲದ ಮೇಲೆ, ಆಟದಲ್ಲಿ ಎಸೆಯುವಷ್ಟೇ ಎತ್ತರದಿಂದ, ಕೈಯಲ್ಲಿ ಚೆನ್ನಾಗಿ ಕುಲುಕಿ 50 ಸಲ ಎಸೆಯಿರಿ. ಪ್ರತಿ ಸಲವೂ ಯಾವ ಬಣ್ಣದ್ದು ಅಂಗಾತ ಎಂದು ಗೀಟು ಹಾಕುತ್ತಾ ಹೋಗಿ. ಮೊಮ್ಮಗಳು ಬರೆಯಲಿ, ನೀವು ಎಸೆಯಿರಿ. ಇಬ್ಬರೂ ಎರಡೂ ಕೆಲಸ ಮಾಡಹೊರಟರೆ ಲೆಕ್ಕ ತಪ್ಪುತ್ತದೆ. ಗೋಡೆಗೆ ಒರಗಿ ನಿಂತ ಕವಡೆ ಇದ್ದರೆ ಆ ಎಸೆತವನ್ನೇ ಬಿಟ್ಟು ಮತ್ತೆ ಎಸೆಯಿರಿ. ಚಾಪೆ, ಜಮಖಾನೆ ಬೇಡ. ಅಲ್ಲಿ ಕವಡೆ ಉರುಳದೆ ಬಿದ್ದ ಹಾಗೇ ಕೂರುತ್ತದೆ, ಫಲಿತಾಂಶ ಬೇರೆಯಾಗುತ್ತದೆ. ಮತ್ತೆ, 50 ಎಂದು ಮೊದಲೇ ನಿಶ್ಚಯಿಸಿದ್ದರೆ 50ಕ್ಕೇ ನಿಲ್ಲಿಸಬೇಕು. ಬೇಕಾದ ಉತ್ತರ ಬಂದ ಕೂಡಲೇ ನಿಲ್ಲಿಸುವುದು ಪ್ರಯೋಗವಾಗುವುದಿಲ್ಲ.

ನಾಲ್ಕು ಕವಡೆ, 50 ಎಸೆತ: ಈಗ ಕೈಯಲ್ಲಿ 200 ಫಲಿತಾಂಶಗಳಿವೆ. ಉದಾಹರಣೆಗೆ ಅದರಲ್ಲಿ 80 ಅಂಗಾತ ಬಂತೆನ್ನಿ. ಒಂದು ಕವಡೆ ಅಂಗಾತ ಬೀಳುವ ಅಂದಾಜು 80/200, ಅಂದರೆ 0.4, ಬೋರಲು 0.6. ಚೌಕಕ್ಕೆ 0.4×0.4×0.4×0.4 = 0.0256. ಬಾರಕ್ಕೆ 0.6ನ್ನು ನಾಲ್ಕು ಸಲ ಗುಣಿಸಿ: 0.1296. ಬಾರ ಚೌಕಕ್ಕಿಂತ ಐದು ಪಟ್ಟು ಹೆಚ್ಚು! ಉಳಿದವು: 1 ಬೀಳುವುದು 0.3456, 2 ಬೀಳುವುದೂ 0.3456, 3 ಬೀಳುವುದು 0.1536. ಐದನ್ನೂ ಕೂಡಿದರೆ 1 ಬರಬೇಕು, ಬರದಿದ್ದರೆ ಗುಣಾಕಾರ ತಪ್ಪಿದೆ.

ಒಂದು ಎಚ್ಚರಿಕೆ. 200 ಫಲಿತಾಂಶಗಳಿಂದ ಬಂದ 0.4 ಕೂಡ ಅಂದಾಜೇ. ನಿಜವಾದ ಬೆಲೆ 0.33ರಿಂದ 0.47ರೊಳಗೆ ಎಲ್ಲಾದರೂ ಇರಬಹುದು. ಸಣ್ಣ ವ್ಯತ್ಯಾಸವೂ ನಾಲ್ಕು ಸಲ ಗುಣಿಸಿದಾಗ ದೊಡ್ಡದಾಗುತ್ತದೆ: 0.4ರ ಬದಲು 0.35 ಆದರೆ ಬಾರ ಚೌಕಕ್ಕಿಂತ ಸುಮಾರು ಹನ್ನೆರಡು ಪಟ್ಟು. ಹಾಗಾಗಿ ರಜೆಯುದ್ದಕ್ಕೂ ಆಟದ ಪಕ್ಕದಲ್ಲೊಂದು ಹಾಳೆ ಇಟ್ಟು ಚೌಕ ಎಷ್ಟು, ಬಾರ ಎಷ್ಟು ಎಂದು ಗೀಟು ಹಾಕುತ್ತಿರಿ. ನಾಲ್ಕರಲ್ಲಿ ಒಂದು ಬಣ್ಣದ ಕವಡೆ ಉಳಿದವಕ್ಕಿಂತ ತೀರ ಬೇರೆ ನಡೆದರೆ ಅದರ ಅಂದಾಜನ್ನು ಬೇರೆಯಾಗಿಯೇ ಇಟ್ಟು ಗುಣಿಸಬೇಕು. ನಿಮ್ಮ ಮನೆಯ ಪದ್ಧತಿಯಲ್ಲಿ ಬೋರಲನ್ನು ಎಣಿಸುವುದಾದರೆ ಲೆಕ್ಕವನ್ನೂ ತಿರುಗಿಸಿಕೊಳ್ಳಿ.

ಪ್ರಶ್ನೆ: ಲೂಡೊದಲ್ಲಿ ಹತ್ತು ಸಲ ಎಸೆದರೂ ನನಗೆ ಆರು ಬೀಳಲಿಲ್ಲ. ಕಾಯಿ ಹೊರಗೇ ಬರಲಿಲ್ಲ. ಹನ್ನೊಂದನೇ ಸಲ ಬೀಳುವ ಸಾಧ್ಯತೆ ಜಾಸ್ತಿ ತಾನೇ? ದಾಳವೇ ಮೋಸದ್ದು ಅಂತ ತಮ್ಮ ಹೇಳುತ್ತಾನೆ.
— 6ನೇ ತರಗತಿ ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ಹನ್ನೊಂದನೇ ಸಲವೂ 1/6ವೇ. ನಿನಗೆ ಆರು ಬಾಕಿ ಇದೆಯೆಂದು ಲೆಕ್ಕವಿಡಲು ದಾಳಕ್ಕೆ ನೆನಪಿಲ್ಲ. ದೊಡ್ಡವರೂ ಇಲ್ಲೇ ಬೀಳುತ್ತಾರೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಜೂಜುಕಟ್ಟೆಯಲ್ಲಿ ರೂಲೆಟ್ ಎಂಬ, ಕೆಂಪು-ಕಪ್ಪು ಮನೆಗಳ ಜೂಜಿನ ಚಕ್ರದಲ್ಲಿ ಗೋಲಿ ಸತತ 26 ಸಲ ಕಪ್ಪಿನಲ್ಲೇ ನಿಂತಿತು. ‘ಇನ್ನು ಕೆಂಪು ಬರಲೇಬೇಕು’ ಎಂದು ಪಣ ಏರಿಸುತ್ತ ಹೋದವರು ಬರಿಗೈಯಲ್ಲಿ ಮನೆಗೆ ಹೋದರು.

ಹತ್ತು ಸಲ ಆರು ಬೀಳದಿರುವುದು ಎಷ್ಟು ಅಪರೂಪ? ಒಂದು ಸಲ ಬೀಳದಿರುವುದು 5/6. ಹತ್ತು ಸಲ 5/6ನ್ನು ಗುಣಿಸಿದರೆ ಸುಮಾರು 0.16, ಆರು ಮಂದಿಯಲ್ಲಿ ಒಬ್ಬರಿಗೆ ಆಗುವಂಥದ್ದು. ನಾಲ್ಕು ಜನ ಕೂತು ಆಡಿದರೆ, ಅವರಲ್ಲಿ ಒಬ್ಬರಾದರೂ ಮೊದಲ ಹತ್ತು ಸರದಿ ಸುಮ್ಮನೆ ಕೂರುವ ಸಾಧ್ಯತೆ ಅರ್ಧಕ್ಕಿಂತ ಒಂದು ಕೂದಲೆಳೆ ಹೆಚ್ಚು (0.506). ಎರಡಾಟಕ್ಕೊಂದರಲ್ಲಿ ಯಾರೋ ಒಬ್ಬರು ಮುಖ ಊದಿಸಿಕೊಂಡಿರುತ್ತಾರೆ ಎಂದಾಯಿತು. ಈ ಸಲ ನಿನ್ನ ಸರದಿ.

ತಮ್ಮನ ಅನುಮಾನವನ್ನು ಮಾತ್ರ ತಳ್ಳಿಹಾಕಬೇಡ, ಪರೀಕ್ಷಿಸು. 120 ಸಲ ಎಸೆ. ಒಂದೊಂದು ಮುಖವೂ ಸುಮಾರು 20 ಸಲ ಬರಬೇಕು. 12ರಿಂದ 28ರೊಳಗೆ ಇದ್ದರೆ ಚಿಂತೆಯಿಲ್ಲ. ಯಾವುದಾದರೂ 35 ದಾಟಿದರೆ ಇನ್ನೊಂದು 120 ಎಸೆದು ನೋಡು. ಎರಡನೇ ಸಲವೂ ಅದೇ ಮುಖ ಮುಂದಿದ್ದರೆ ತಮ್ಮನಿಗೆ ಶಭಾಷ್ ಹೇಳು. ಮೂಲೆ ಸವೆದ, ಒಳಗೆ ಗಾಳಿಗುಳ್ಳೆ ಉಳಿದ ಅಗ್ಗದ ಪ್ಲಾಸ್ಟಿಕ್ ದಾಳ ಹೀಗಾಡಬಹುದು. ಮೊಬೈಲಿನ ಲೂಡೊಗೂ ಇದೇ ಪರೀಕ್ಷೆ.

ಪ್ರಶ್ನೆ: ಏಳು ಸಲ ದಾಳ ಎಸೆದರೆ ಒಂದಾದರೂ ಆರು ಬೀಳುವ ಸಂಭವನೀಯತೆ ಕೇಳಿದ್ದಕ್ಕೆ ಮಗಳು 1/6ನ್ನು ಏಳು ಸಲ ಕೂಡಿ 7/6 ಎಂದು ಬರೆದಿದ್ದಾಳೆ. ತಪ್ಪೆಂದು ಗೊತ್ತು, ಅವಳಿಗೆ ವಿವರಿಸುವುದು ಹೇಗೆ?
— ಒಬ್ಬ ತಾಯಿ, ಯಲಹಂಕ

ಉತ್ತರ: 1 ಎಂದರೆ ಖಂಡಿತ. ಖಂಡಿತಕ್ಕಿಂತ ಹೆಚ್ಚು ಖಂಡಿತವಾದದ್ದು ಇಲ್ಲವಾದ್ದರಿಂದ 7/6 ಕಂಡ ಕೂಡಲೇ ಪೆನ್ನು ಕೆಳಗಿಡಬೇಕು. ಎರಡೇ ಎಸೆತ ಹಿಡಿದು ತೋರಿಸಿ. ಕೂಡಿದರೆ 12/36 ಬರುತ್ತದೆ. 36 ಮನೆಯ ಚೌಕುಳಿಯಲ್ಲಿ ಆರು ಇರುವ ಮನೆಗಳನ್ನು ಅವಳೇ ಬಣ್ಣ ಹಚ್ಚಿ ಎಣಿಸಲಿ, 11 ಸಿಗುತ್ತವೆ. (6, 6) ಎಂಬ ಮನೆಯನ್ನು ಅವಳು ಅಡ್ಡಸಾಲಿನಲ್ಲೊಮ್ಮೆ, ಕಂಬಸಾಲಿನಲ್ಲೊಮ್ಮೆ ಎರಡು ಸಲ ಎಣಿಸಿದ್ದಳು. ಎರಡೂ ಒಟ್ಟಿಗೆ ಆಗಬಹುದಾದ ಘಟನೆಗಳನ್ನು ಬರೀ ಕೂಡುವ ಹಾಗಿಲ್ಲ.

‘ಒಂದಾದರೂ’ ಎಂಬ ಮಾತು ಕಂಡರೆ ಹಿಂದಿನ ಬಾಗಿಲಿನಿಂದ ಹೋಗುವುದು ಸಲೀಸು: ಒಂದೂ ಬೀಳದಿರುವುದನ್ನು ಲೆಕ್ಕ ಹಾಕಿ 1ರಿಂದ ಕಳೆಯಿರಿ. ಏಳು ಸಲ ಒಂದೂ ಆರು ಬೀಳದಿರುವುದು ಸುಮಾರು 0.28, ಹಾಗಾಗಿ ಉತ್ತರ ಸುಮಾರು 0.72. ನಾಲ್ಕೇ ಎಸೆತವಾದರೆ 671/1296, ಅರ್ಧಕ್ಕಿಂತ ತುಸು ಮೇಲೆ. ಎರಡು ದಾಳವನ್ನು 24 ಸಲ ಎಸೆದು ಜೋಡಿ ಆರು ಬೀಳಿಸುವುದು ಮಾತ್ರ ಅರ್ಧಕ್ಕಿಂತ ತುಸು ಕೆಳಗೆ, 0.491. ಇಂಥ ಜೂಜಿನ ಲೆಕ್ಕಗಳ ಬಗ್ಗೆಯೇ 1654ರಲ್ಲಿ ಫ್ರಾನ್ಸಿನ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡರು. ಸಂಭವನೀಯತೆ ಒಂದು ಶಾಸ್ತ್ರವಾಗಿ ನಿಂತದ್ದು ಅಲ್ಲಿಂದ.

ಪ್ರಶ್ನೆ: ಐದು ಚೀಟಿ, ಒಂದರಲ್ಲಿ ಮಾತ್ರ ‘ಲೀಡರ್’. ಮೊದಲು ಎತ್ತಿದವರಿಗೇ ಲಾಭ ಅಂತ ಕ್ಲಾಸಿನಲ್ಲಿ ಜಗಳ.
— 7ನೇ ತರಗತಿ, ರಾಜಾಜಿನಗರ

ಉತ್ತರ: ಮೊದಲನೆಯವನಿಗೆ 1/5. ಎರಡನೆಯವನಿಗೆ ಸಿಗಬೇಕಾದರೆ ಮೊದಲನೆಯವನಿಗೆ ತಪ್ಪಬೇಕು (4/5), ಉಳಿದ ನಾಲ್ಕರಲ್ಲಿ ಅದೇ ಕೈಗೆ ಬರಬೇಕು (1/4). ಗುಣಿಸಿದರೆ ಮತ್ತೆ 1/5. ಕೊನೆಯವನವರೆಗೂ ಅಷ್ಟೇ. ಮೋಸವಾಗುವುದು ಸರದಿಯಲ್ಲಲ್ಲ, ಚೀಟಿಯಲ್ಲಿ: ಒಂದೇ ಹಾಳೆಯಿಂದ ಒಂದೇ ಅಳತೆಗೆ ಹರಿದು, ಒಂದೇ ಥರ ಮಡಿಸಿ, ಆಚೆ ಕಾಣದ ಚೀಲಕ್ಕೆ ಹಾಕಿ ಕುಲುಕಬೇಕು. ಕೊನೆಗೆ ಹಾಕಿದ ಚೀಟಿ ಮೇಲೆಯೇ ಉಳಿದಿದ್ದರೆ ಲೆಕ್ಕವೆಲ್ಲ ನೀರುಪಾಲು.

ಪ್ರಶ್ನೆ: 40 ಮಕ್ಕಳ ತರಗತಿ, 40 ನಿಮಿಷದ ಪೀರಿಯಡ್, ಖರ್ಚಿಗೆ ದುಡ್ಡಿಲ್ಲ. ನಾಣ್ಯ ಚಿಮ್ಮಿಸಿದರೆ ಗದ್ದಲವಾಗಿ ಏನೂ ಕಲಿತ ಹಾಗಾಗುವುದಿಲ್ಲ. ಹೇಗೆ ನಡೆಸಬೇಕು?
— ಶಿಕ್ಷಕಿ, ಕೆಂಗೇರಿ

ಉತ್ತರ: ಹಿಂದಿನ ದಿನವೇ ಒಂದು ಮನೆಗೆಲಸ ಕೊಡಿ: ನಾಣ್ಯ ಮುಟ್ಟದೆ, ಚಿಮ್ಮಿದಂತೆ ಊಹಿಸಿಕೊಂಡು 25 ಹೆಡ್-ಟೈಲ್‌ಗಳ ಪಟ್ಟಿ ಬರೆದು ತರಲಿ. ಅದು ಯಾಕೆಂದು ಹೇಳಬೇಡಿ.

ತರಗತಿಯಲ್ಲಿ ಪ್ರತಿ ಮಗುವೂ ಒಂದು ನಾಣ್ಯವನ್ನು ಖಾಲಿ ಟಿಫನ್ ಡಬ್ಬಿಗೆ ಹಾಕಿ, ಮುಚ್ಚಿ, ಐದಾರು ಸಲ ಕುಲುಕಿ ತೆರೆದು ನೋಡಲಿ. ನಾಣ್ಯ ಬೆಂಚಿನಡಿ ಉರುಳುವ ರಗಳೆ ಇರದು. ಸಿಂಹದ ಮುಖ ಹೆಡ್, ಅಂಕಿಯದು ಟೈಲ್ ಎಂದು ಮೊದಲೇ ಬೋರ್ಡಿನ ಮೇಲೆ ಬರೆಯಿರಿ, ಇಲ್ಲದಿದ್ದರೆ ಅರ್ಧ ತರಗತಿ ಉಲ್ಟಾ ಬರೆದಿರುತ್ತದೆ. ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಲು ಬಿಡಬೇಡಿ. ಅಂಚಿನ ಆಕಾರದಿಂದಾಗಿ ಕೆಲವು ನಾಣ್ಯಗಳು ಒಂದೇ ಕಡೆಗೆ ವಾಲುತ್ತವೆ. ಒಬ್ಬೊಬ್ಬರು 25 ಸಲ, ಬಂದ ಕ್ರಮದಲ್ಲೇ ಬರೆಯಬೇಕು. ಒಟ್ಟು 1000.

ಆಮೇಲೆ ಸಾಲಿನ ಪ್ರಕಾರ ಹೆಡ್‌ಗಳನ್ನು ಕೂಡುತ್ತ, ಒಟ್ಟು ಎಸೆತದಿಂದ ಭಾಗಿಸುತ್ತ ಬೋರ್ಡಿನ ಮೇಲೆ ಬರೆಯಿರಿ. ಒಂದೊಂದು ಮಗುವಿನದು 8ರಿಂದ 17ರವರೆಗೆ ಓಲಾಡುತ್ತದೆ. ಸಾವಿರದ ಮೊತ್ತ ಸಾಮಾನ್ಯವಾಗಿ 470ರಿಂದ 530ರೊಳಗೆ ಬರುತ್ತದೆ. ‘ಸರಿಯಾಗಿ 500 ಯಾಕೆ ಬರಲಿಲ್ಲ’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕೆರಿಕ್ ಎಂಬ ಗಣಿತಜ್ಞ ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದಾಗ 10,000 ಸಲ ನಾಣ್ಯ ಚಿಮ್ಮಿದ. 5,067 ಹೆಡ್ ಬಂತು. ಅರ್ಧಕ್ಕಿಂತ 67 ಹೆಚ್ಚು, ಆದರೂ ಅನುಪಾತ 0.5067. ಎಸೆತ ಹೆಚ್ಚಿದಂತೆ ಅರ್ಧದ ಹತ್ತಿರ ಬರುವುದು ಅನುಪಾತ, ಎಣಿಕೆಯ ವ್ಯತ್ಯಾಸ ಸೊನ್ನೆಯಾಗಬೇಕೆಂದೇನಿಲ್ಲ. ಈ ಭೇದ ಹೇಳದೆ ಬಿಟ್ಟರೆ ಮಕ್ಕಳು ಮೇಲಿನ ಲೂಡೊ ತಪ್ಪಿಗೇ ಹೋಗಿ ಬೀಳುತ್ತಾರೆ.

ಕೊನೆಯ ಹತ್ತು ನಿಮಿಷ ಮನೆಯ ಪಟ್ಟಿ ತೆಗೆಸಿ. ಎರಡೂ ಪಟ್ಟಿಗಳಲ್ಲಿ ಒಂದೇ ಮುಖ ಸತತ ನಾಲ್ಕು ಸಲ ಅಥವಾ ಹೆಚ್ಚು ಬಂದಿದೆಯೇ ಎಂದು ನೋಡಲಿ. ನಿಜವಾಗಿ ಚಿಮ್ಮಿದ 25ರ ಪಟ್ಟಿಯಲ್ಲಿ ಅದು ಬರುವ ಸಂಭವನೀಯತೆ ಸುಮಾರು 0.85, ಅಂದರೆ 40 ಮಕ್ಕಳಲ್ಲಿ 34 ಮಂದಿಗೆ. ಊಹೆಯ ಪಟ್ಟಿ ಬರೆದವರು ‘ಮೂರು ಹೆಡ್ ಆಯಿತು, ಸಾಕು’ ಎಂದು ತಾವಾಗಿಯೇ ಬದಲಿಸಿರುತ್ತಾರೆ.

ಪ್ರಶ್ನೆ: ಮಕ್ಕಳ ಕೈಗೆ ದಾಳ, ಇಸ್ಪೀಟು ಕೊಟ್ಟು ಪಾಠ ಮಾಡಬೇಕೇ? ಜೂಜಿಗಲ್ಲದೆ ಬೇರೆಲ್ಲಿ ಉಪಯೋಗ?
— ಒಬ್ಬ ಪಾಲಕರು, ಜಯನಗರ

ಉತ್ತರ: ಇಸ್ಪೀಟು ಬೇಡವಾದರೆ ತಂಬೋಲಾ ಸಾಕು. 1ರಿಂದ 90ರವರೆಗಿನ ಸಂಖ್ಯೆಗಳಲ್ಲಿ ಅವಿಭಾಜ್ಯ 24, ಹಾಗಾಗಿ ಮೊದಲು ಕೂಗುವುದು ಅವಿಭಾಜ್ಯವಾಗುವುದು 24/90. ಐದರ ಅಪವರ್ತ್ಯವಾಗುವುದು 18/90.

ಉಪಯೋಗಕ್ಕೆ ಕೈತೋಟದವರೆಗೆ ಹೋದರೂ ಆಯಿತು. ಬೀಜದ ಪೊಟ್ಟಣದ ಮೇಲೆ ಮೊಳಕೆ ಪ್ರಮಾಣ 85% ಎಂದಿದ್ದರೆ, ಬಿತ್ತಿದ ಹತ್ತೂ ಮೊಳೆಯುವ ಸಂಭವನೀಯತೆ ಸುಮಾರು 0.2 ಮಾತ್ರ. ಒಂದೆರಡು ಏಳಲಿಲ್ಲವೆಂದು ಅಂಗಡಿಯವರ ಮೇಲೆ ಹರಿಹಾಯಬೇಕಿಲ್ಲ. ವಿಮೆ, ಔಷಧಿ ಪರೀಕ್ಷೆ, ಚುನಾವಣಾ ಸಮೀಕ್ಷೆ ಎಲ್ಲದರ ಬುಡದಲ್ಲೂ ಇದೇ ಇದೆ. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದದ್ದು ಈ ಬೇರಿನಿಂದ ಬೆಳೆದ ಮರದ ಕೆಲಸಕ್ಕೇ.

ಪ್ರಶ್ನೆ: ನಮ್ಮ ಕ್ಲಾಸಲ್ಲಿ 40 ಜನ, ಇಬ್ಬರ ಬರ್ತ್‌ಡೇ ಒಂದೇ ದಿನ. ವರ್ಷಕ್ಕೆ 365 ದಿನ ಇರುವಾಗ ಇದು ಪವಾಡ ಅಲ್ಲವಾ?
— 8ನೇ ತರಗತಿ ವಿದ್ಯಾರ್ಥಿ, ಹೆಬ್ಬಾಳ

ಉತ್ತರ: ಹಾಗೆ ಆಗದಿದ್ದರೆ ಅಚ್ಚರಿಪಡಬೇಕಿತ್ತು. ನಿನ್ನ ದಿನವೇ ಇನ್ನೊಬ್ಬರಿಗಿರುವುದು ಅಪರೂಪ ನಿಜ, ಸುಮಾರು 10%. ಆದರೆ ‘ಯಾರಾದರೂ ಇಬ್ಬರು’ ಎಂದರೆ 40 ಮಂದಿಯಲ್ಲಿ 780 ಜೋಡಿಗಳಿವೆ. ಇಲ್ಲೂ ಹಿಂದಿನ ಬಾಗಿಲಿನಿಂದ ಹೋಗು: ಎಲ್ಲರದೂ ಬೇರೆ ಬೇರೆ ದಿನವಾಗುವುದು 364/365 × 363/365 × … × 326/365. ಕ್ಯಾಲ್ಕುಲೇಟರಿನಲ್ಲಿ ಗುಣಿಸಿದರೆ ಸುಮಾರು 0.11. ಹಾಗಾಗಿ ಒಂದು ಜೋಡಿಯಾದರೂ ಸಿಗುವುದು 0.89. ಅರ್ಧ ದಾಟಲು 23 ಜನ ಸಾಕು.

ಇದನ್ನು ಅಜ್ಜ-ಅಜ್ಜಿಯರ ಮೇಲೆ ಪ್ರಯೋಗಿಸಲು ಹೋಗಬೇಡ. ಆ ತಲೆಮಾರಿನ ಎಷ್ಟೋ ಜನರನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಮನೆಯವರಿಗೇ ಗೊತ್ತಿರಲಿಲ್ಲ. ಮೇಷ್ಟ್ರು ವಯಸ್ಸು ಅಂದಾಜು ಮಾಡಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅವರ ದಾಖಲೆಗಳಲ್ಲಿ 365 ದಿನಗಳೂ ಸಮವಲ್ಲ. ಅಲ್ಲಿ 23 ಜನ ಬೇಕಿಲ್ಲ, ಪಾರ್ಕಿನ ಒಂದು ಬೆಂಚು ಸಾಕಾದೀತು.